ಹೆಬ್ಬೆರಳಿಗೆ ಬಗ್ಗುವ ಬಾಗಿಲು, ಡ್ರಿಲ್ಲಿಗೆ ಬಗ್ಗದ ಕಂಬ

ಪ್ರಶ್ನೆ: ನಮ್ಮ ತಂದೆಯವರ ಅಂಬಾಸಿಡರ್ ಕಾರಿನ ಬಾಗಿಲನ್ನು ಮುಷ್ಟಿಯಿಂದ ಗುದ್ದಿದರೂ ಅಲುಗುತ್ತಿರಲಿಲ್ಲ. ಈಚೆಗೆ ಕೊಂಡ ಹೊಸ ಕಾರಿನ ಬಾಗಿಲನ್ನು ಹೆಬ್ಬೆರಳಿನಿಂದ ಒತ್ತಿದರೆ ಒಳಕ್ಕೆ ಹೋಗಿ ಮತ್ತೆ ಹೊರಕ್ಕೆ ಬರುತ್ತದೆ. ಕೇಳಿದರೆ ‘ಇದು ಹೈ ಸ್ಟ್ರೆಂಗ್ತ್ ಸ್ಟೀಲ್’ ಎನ್ನುತ್ತಾರೆ. ನಂಬಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ನಂಬಬಹುದು. ನಿಮ್ಮ ಹೆಬ್ಬೆರಳು ಅಳೆದದ್ದು ಉಕ್ಕಿನ ಬಲವನ್ನಲ್ಲ, ತಗಡಿನ ದಪ್ಪವನ್ನು. ಉಕ್ಕು ಮೆದುವಾದದ್ದಿರಲಿ, ಅತಿ ಬಲದ್ದಿರಲಿ, ಒತ್ತಿದಾಗ ಬಾಗಿ ಬಿಟ್ಟಾಗ ಮರಳುವ ಗುಣ ಎಲ್ಲದರಲ್ಲೂ ಹೆಚ್ಚುಕಡಿಮೆ ಒಂದೇ. ಆದ್ದರಿಂದ ಒಂದೇ ಆಕಾರದ ಎರಡು ತಗಡುಗಳಲ್ಲಿ ಯಾವುದು ಹೆಚ್ಚು ಬಾಗುತ್ತದೆ ಎಂಬುದನ್ನು ದಪ್ಪವೇ ತೀರ್ಮಾನಿಸುತ್ತದೆ, ಅದೂ ಘನದ ಲೆಕ್ಕದಲ್ಲಿ: ಚಪ್ಪಟೆ ತಗಡನ್ನು 0.9 ಮಿ.ಮೀ.ನಿಂದ 0.7 ಮಿ.ಮೀ.ಗೆ ಇಳಿಸಿದರೆ ಅದರ ಪೆಡಸು ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಹೊರಬಾಗಿಲಿಗೆ ಕೊಡುವ ಉಬ್ಬು, ಗೆರೆ, ಮಡಿಕೆಗಳೆಲ್ಲ ಬರೀ ಅಂದಕ್ಕಲ್ಲ; ಕಳೆದುಹೋದ ಪೆಡಸನ್ನು ಆಕಾರದ ಮೂಲಕ ಮರಳಿ ಪಡೆಯುವ ಉಪಾಯವೂ ಹೌದು.

ಬಾಗಿಲು ಒಳಹೋಗಿ ಮರಳಿ ಬಂತಲ್ಲ, ಅದೇ ಅದರ ಬಲಕ್ಕೆ ಸಾಕ್ಷಿ. ಬಲವೆಂದರೆ ಎಷ್ಟು ಒತ್ತಿದರೆ ತಗಡು ಮರಳದೆ ತಗ್ಗಾಗಿಯೇ ಉಳಿದುಬಿಡುತ್ತದೆ ಎಂಬುದರ ಅಳತೆ. ಹೊರಗಿನ ತಗಡುಗಳಿಗೆ ಬಳಸುವ ಒಂದು ಬಗೆಯ ಉಕ್ಕಿನಲ್ಲಿ ಈ ಬಲ ಹೆಚ್ಚುವುದು ಪೇಂಟ್ ಒಣಗಿಸುವ ಒಲೆಯಲ್ಲಿ. ಅಚ್ಚಿನಲ್ಲಿ ಒತ್ತುವಾಗ ಮೆದುವಾಗಿರುವ ಈ ತಗಡು, ಬಣ್ಣ ಬಳಿದ ಮೇಲೆ ಸುಮಾರು 170 ಡಿಗ್ರಿ ಶಾಖದಲ್ಲಿ 20 ನಿಮಿಷದಷ್ಟು ಕಾಲ ಇದ್ದಾಗ, ಅದರೊಳಗೆ ಬಿಡಿಯಾಗಿದ್ದ ಇಂಗಾಲದ ಪರಮಾಣುಗಳು ಸರಿದುಹೋಗಿ, ಒತ್ತುವಿಕೆಯಿಂದ ಉಂಟಾದ ಸ್ಫಟಿಕದ ಬಿರುಕುಗೆರೆಗಳಂಥ ದೋಷಗಳಲ್ಲಿ ನೆಲೆಸಿ ಅವು ಜಾರದಂತೆ ಹಿಡಿದುಬಿಡುತ್ತವೆ. ಇದಕ್ಕಾಗಿ ಯಾರೂ ಬೇರೆ ಖರ್ಚು ಮಾಡಬೇಕಿಲ್ಲ, ಬಣ್ಣ ಹೇಗೂ ಒಣಗಬೇಕಲ್ಲ. ತೊಂದರೆಯೆಂದರೆ ಇಂಗಾಲಕ್ಕೆ ಒಲೆಯೇ ಬೇಕೆಂದಿಲ್ಲ; ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಟ್ಟರೂ ಅದು ನಿಧಾನವಾಗಿ ಸರಿಯುತ್ತದೆ, ಆಮೇಲೆ ಒತ್ತಿದರೆ ತಗಡಿನ ಮೇಲೆ ಅಂಕುಡೊಂಕು ಗೀರುಗಳು ಏಳುತ್ತವೆ.

ಇನ್ನು ಅಪಘಾತದಲ್ಲಿ ನಿಮ್ಮನ್ನು ಕಾಯುವುದು ಈ ಹೊರತಗಡಲ್ಲ. ಬಾಗಿಲಿನ ಒಳಗೆ ಅಡ್ಡಲಾಗಿರುವ ತೊಲೆ ಮತ್ತು ಎರಡು ಬಾಗಿಲುಗಳ ನಡುವಿನ ಕಂಬ ಆ ಕೆಲಸ ಮಾಡುತ್ತವೆ, ಅವು ನಿಮ್ಮ ಹೆಬ್ಬೆರಳಿಗೆ ಸಿಗುವುದಿಲ್ಲ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಡಿಪ್ಲೊಮಾ ವಿದ್ಯಾರ್ಥಿ. ಬಲ ಹೆಚ್ಚಿದಷ್ಟೂ ಉಕ್ಕು ಹಿಗ್ಗುವುದು ಕಡಿಮೆಯಾಗುತ್ತದೆ ಎಂದು ಓದಿದ್ದೇನೆ. ಹಾಗಿದ್ದರೆ ಅಷ್ಟು ಬಲದ ಉಕ್ಕನ್ನು ಬಿರುಕು ಬಿಡದಂತೆ ಕಾರಿನ ಭಾಗವಾಗಿ ರೂಪಿಸುವುದು ಹೇಗೆ?
– ಓದುಗರು, ಹುಬ್ಬಳ್ಳಿ

ಉತ್ತರ: ನೀವು ಓದಿದ್ದು ಸರಿ. ಈ ವಿದ್ಯೆಯ ಕಥೆಯೆಲ್ಲ ಆ ಒಂದು ಜಗ್ಗಾಟದ್ದೇ. ಅದನ್ನು ನಿಭಾಯಿಸಲು ಮುಖ್ಯವಾಗಿ ಎರಡು ದಾರಿಗಳಿವೆ.

ಮೊದಲನೆಯದು ಮೆದುವನ್ನೂ ಗಡಸನ್ನೂ ಒಂದೇ ತಗಡಿನಲ್ಲಿ ಬೆರೆಸುವುದು. ‘ಡ್ಯುಯಲ್ ಫೇಸ್’ (ಡಿಪಿ) ಉಕ್ಕನ್ನು ಭಾಗಶಃ ಮಾತ್ರ ಆಸ್ಟೆನೈಟ್, ಅಂದರೆ ಉಕ್ಕು ಚೆನ್ನಾಗಿ ಕಾದಾಗ ತಳೆಯುವ ಒಳರಚನೆ, ಆಗುವಷ್ಟು ಕಾಯಿಸಿ ಬೇಗನೆ ತಣಿಸುತ್ತಾರೆ. ಆಗ ಆಸ್ಟೆನೈಟ್ ಆಗಿದ್ದ ಭಾಗ ಗಡಸಾದ ಮಾರ್ಟೆನ್‌ಸೈಟ್ ಆಗಿ, ಮೆದುವಾದ ಫೆರೈಟಿನ ನಡುವೆ, ರವೆ ಉಂಡೆಯಲ್ಲಿ ಗೋಡಂಬಿ ಚೂರುಗಳು ಸಿಕ್ಕಿಕೊಂಡಿರುವಂತೆ ಉಳಿಯುತ್ತದೆ. ಅಚ್ಚಿನಲ್ಲಿ ಹಿಗ್ಗುವುದು ಫೆರೈಟ್, ಭಾರ ಹೊರುವುದು ಮಾರ್ಟೆನ್‌ಸೈಟ್. ಹಿಗ್ಗಿದ ಜಾಗ ಬೇಗ ಗಟ್ಟಿಯಾಗುವುದರಿಂದ ಎಳೆತ ಒಂದೇ ಕಡೆ ಕೂಡಿ ಹರಿಯದೆ ಅಕ್ಕಪಕ್ಕಕ್ಕೆ ಹಂಚಿಹೋಗುತ್ತದೆ. ಡಿಪಿ 590, ಡಿಪಿ 780, ಡಿಪಿ 980 ಎಂಬ ಹೆಸರುಗಳಲ್ಲಿರುವ ಅಂಕಿಗಳು ಮೆಗಾಪಾಸ್ಕಲ್‌ನಲ್ಲಿ ಹೇಳಿದ ಕರ್ಷಣ ಬಲ, ಅಂದರೆ ಎಳೆದಾಗ ಹರಿಯುವ ಮುನ್ನ ಉಕ್ಕು ತಡೆಯಬಲ್ಲ ಎಳೆತ. ಸಾಮಾನ್ಯ ಮೆದು ತಗಡಿನದು ಸುಮಾರು 300. ನಮ್ಮ ಬಳ್ಳಾರಿ ಜಿಲ್ಲೆಯ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯೂ ವಾಹನಗಳಿಗಾಗಿ ಕೋಲ್ಡ್ ರೋಲ್ಡ್ (ತಣ್ಣಗಿರುವಾಗ ಉರುಳೆಗಳ ನಡುವೆ ತೆಳುಮಾಡಿದ) ತಗಡನ್ನು ತಯಾರಿಸುತ್ತದೆ.

ಎರಡನೆಯ ದಾರಿಯನ್ನು ನಮ್ಮ ಕಮ್ಮಾರರು ಕುಡುಗೋಲಿಗೆ ಹದ ಕೊಡುವಾಗಲೇ ಕಂಡಿದ್ದೇವೆ: ಕೆಂಪಗಿರುವಾಗ ಬಡಿದು ರೂಪ ಕೊಡು, ಆಮೇಲೆ ತಣ್ಣಗೆ ಮಾಡಿ ಗಡಸುಗೊಳಿಸು. ಸ್ವೀಡನ್ನಿನಲ್ಲಿ 1970ರ ದಶಕದಲ್ಲಿ ಇದನ್ನೇ ತಗಡಿಗೆ ಅಳವಡಿಸಿದರು. 1984ರಲ್ಲಿ ಬಂದ ಸಾಬ್ 9000 ಕಾರಿನ ಬಾಗಿಲಿನ ತೊಲೆಗಳು ಹೀಗೆ ಮಾಡಿದವು. ಅತ್ಯಲ್ಪ ಬೋರಾನ್ ಸೇರಿಸಿದ ತಗಡನ್ನು 900 ಡಿಗ್ರಿಗೂ ಮೇಲೆ ಕಾಯಿಸಿ, ಒಳಗೆ ನೀರು ಹರಿಯುವ ಅಚ್ಚಿಗೆ ಕೊಟ್ಟು, ಒತ್ತಿದ ಮೇಲೆ ಅಚ್ಚನ್ನು ತೆರೆಯದೆ ಹಾಗೆಯೇ ಹಿಡಿದುಕೊಳ್ಳುತ್ತಾರೆ. ಸೆಕೆಂಡಿಗೆ ಸುಮಾರು 30 ಡಿಗ್ರಿಯಂತೆ ತಣಿದರೆ ಇಡೀ ಭಾಗ ಮಾರ್ಟೆನ್‌ಸೈಟ್ ಆಗಿ ಬಲ 1500 ಮೆಗಾಪಾಸ್ಕಲ್ ಮುಟ್ಟುತ್ತದೆ. ಅಂದರೆ ಒಂದು ಚದರ ಮಿಲಿಮೀಟರಿನಷ್ಟೇ ಅಡ್ಡಕೊಯ್ತವಿರುವ ಕಡ್ಡಿಗೆ 50 ಕಿಲೋದ ಮೂರು ಅಕ್ಕಿ ಮೂಟೆಗಳನ್ನು ತೂಗುಹಾಕಬಹುದು.

ಬಿಸಿಯಲ್ಲಿ ರೂಪಿಸುವುದರಿಂದ ಇನ್ನೊಂದು ಲಾಭವಿದೆ. ತಣ್ಣಗಿರುವಾಗ ಮಡಿಸಿದ ತಗಡು ಅಚ್ಚಿನಿಂದ ಹೊರಬಂದೊಡನೆ ಸ್ವಲ್ಪ ಹಿಂದಕ್ಕೆ ಚಿಮ್ಮುತ್ತದೆ. ಬಲ ಹೆಚ್ಚಿದಷ್ಟೂ ಈ ಚಿಮ್ಮುವಿಕೆ ಹೆಚ್ಚು. ಶಿವಮೊಗ್ಗದವರ ಬಾಗಿಲು ಮರಳಿ ಬಂದದ್ದೂ ಇದೇ ಗುಣದಿಂದ. ಡಿಪಿ 980ರಂಥ ತಗಡಿನಲ್ಲಿ ಅಚ್ಚು ಮಾಡುವವರು ಈ ಅಂದಾಜಿನಿಂದ ಮೊದಲೇ ಹೆಚ್ಚು ಮಡಿಸಿ, ಪರೀಕ್ಷಿಸಿ, ಅಚ್ಚನ್ನು ಮತ್ತೆ ಮತ್ತೆ ತಿದ್ದಬೇಕಾಗುತ್ತದೆ. ಬಿಸಿ ಅಚ್ಚಿನಲ್ಲಿ ಈ ಕಾಟ ಬಹುಮಟ್ಟಿಗೆ ತಪ್ಪುತ್ತದೆ. ಆದರೆ ಒಲೆಯ ಖರ್ಚು, ಅಚ್ಚು ಮುಚ್ಚಿಕೊಂಡು ಕಾಯುವ ಸೆಕೆಂಡುಗಳು, ಆಮೇಲೆ ಅಂಚು ಕತ್ತರಿಸಲು ಬೇಕಾಗುವ ಲೇಸರ್, ಇವೆಲ್ಲ ಬೆಲೆಗೆ ಸೇರುತ್ತವೆ. ಆದ್ದರಿಂದಲೇ ಇಡೀ ಕಾರನ್ನು ಹೀಗೆ ಮಾಡದೆ, ಪ್ರಯಾಣಿಕರ ಸುತ್ತಲಿನ ಪಂಜರಕ್ಕೆ ಮಾತ್ರ ಬಳಸುವುದು ನನ್ನ ದೃಷ್ಟಿಯಲ್ಲಿ ಜಾಣತನವೇ. ಮೂತಿಯ ಭಾಗ ಕುಸಿದು ಹೊಡೆತವನ್ನು ನುಂಗಬೇಕು, ಅಲ್ಲಿ ಕುಸಿಯದ ಉಕ್ಕು ಪ್ರಯೋಜನಕ್ಕಿಲ್ಲ.

ಪ್ರಶ್ನೆ: ನಾನು ಟಿಂಕರಿಂಗ್ ಕೆಲಸದವನು. ಕಾರಿನ ನಡುವಿನ ಕಂಬದ ಸ್ಪಾಟ್ ವೆಲ್ಡ್ ಬಿಡಿಸಲು ಹೋದರೆ ಡ್ರಿಲ್ ಬಿಟ್ ಸುಟ್ಟುಹೋಗುತ್ತದೆ. ಗ್ಯಾಸಿನಲ್ಲಿ ಕಾಯಿಸಿ ನೇರ ಮಾಡಬಹುದೇ?
– ಓದುಗರು, ಮಂಡ್ಯ

ಉತ್ತರ: ದಯವಿಟ್ಟು ಬೇಡ. ನಿಮ್ಮ ಬಿಟ್ ಸೋತಿದ್ದರೆ ಆ ಕಂಬ ಮೇಲೆ ಹೇಳಿದ 1500ರ ಉಕ್ಕಾಗಿರುವ ಸಾಧ್ಯತೆಯೇ ಹೆಚ್ಚು. ಅದನ್ನು ಕಾಯಿಸಿ ಗಾಳಿಯಲ್ಲಿ ಆರಲು ಬಿಟ್ಟರೆ ಕಾರ್ಖಾನೆಯವರು ಕೊಟ್ಟ ಹದ ಆ ಜಾಗದಲ್ಲಿ ಇಳಿದುಹೋಗುತ್ತದೆ. ಮೇಲೆ ಬಣ್ಣ ಬಳಿದರೆ ನಿಮಗೂ ಕಾಣದು, ಮಾಲೀಕರಿಗೂ ಕಾಣದು, ಮುಂದಿನ ಡಿಕ್ಕಿಯಲ್ಲಿ ಕಂಬ ಸರಿಯಾಗಿ ಅಲ್ಲೇ ಮಡಚಿಕೊಳ್ಳುತ್ತದೆ. ತಣ್ಣಗಿರುವಾಗ ಎಳೆದರೂ ಬಿರುಕು ಬಿಡಬಹುದು. ಬಾಗಿದ ಕಂಬವನ್ನು ಬದಲಿಸಬೇಕು. ವೆಲ್ಡ್ ಬಿಡಿಸಲು ಕಾರ್ಬೈಡ್ ಬಿಟ್ ಅಥವಾ ಸಣ್ಣ ಬೆಲ್ಟ್ ಸ್ಯಾಂಡರ್ ಬಳಸಿ. ಎಲ್ಲಿ ಕತ್ತರಿಸಬಹುದು, ಎಲ್ಲಿ ಕೂಡದು ಎಂಬುದು ಆಯಾ ಕಾರಿನ ರಿಪೇರಿ ಕೈಪಿಡಿಯಲ್ಲಿರುತ್ತದೆ. ಅದನ್ನು ನೋಡದೆ ಕಟರ್ ಹಚ್ಚಬೇಡಿ.

ಪ್ರಶ್ನೆ: ಹಳೆಯ ಕಾರು ಕೊಳ್ಳುವಾಗ ಅಯಸ್ಕಾಂತ ಹಿಡಿದರೆ ಉಕ್ಕಿನ ಬಲ ತಿಳಿಯುತ್ತದೆಯೇ?
– ಓದುಗರು, ದಾವಣಗೆರೆ

ಉತ್ತರ: ಇಲ್ಲ, ಮೆದು ಉಕ್ಕಿಗೂ ಬಲದ ಉಕ್ಕಿಗೂ ಅಯಸ್ಕಾಂತ ಹಿಡಿಯುತ್ತದೆ. ಬಾಗಿಲಿನ ಒಂದು ಕಡೆ ಬಿಗಿಯಾಗಿ ಹಿಡಿದು ಇನ್ನೊಂದು ಕಡೆ ಜಾರಿದರೆ, ಜಾರಿದ ಜಾಗದಲ್ಲಿ ಬಣ್ಣದ ಕೆಳಗೆ ದಪ್ಪನೆ ಪುಟ್ಟಿ ಮೆತ್ತಿರಬಹುದೆಂದು ಮಾತ್ರ ತಿಳಿಯಿರಿ.