ಬೋನಾಳದ ಎಣಿಕೆ ಎಲ್ಲಿಗೆ ಮುಟ್ಟುತ್ತದೆ?

ಸುರಪುರದ ಓದುಗರೊಬ್ಬರ ಪತ್ರ: 'ಪ್ರತಿ ಜನವರಿಗಿ ಬೋನಾಳ ಕೆರಿ ದಂಡ್ಯಾಗ ನಿಂತು ಹಕ್ಕಿ ಎಣಿಸ್ತೀವ್ರಿ. ಪಗಾರ ಇಲ್ಲದ ಕೆಲಸ. ಜಗತ್ತಿನ ಪರಿಸರ ಕಾನೂನಿಗೂ ಇಂಥ ಪುಕ್ಕಟೆ ದುಡಿಯೋ ತಜ್ಞರೇ ಆಸರ ಅಂತ ಬರದೀರಿ. ಕಾನೂನು ಮಾಡೋದು ಸರಕಾರ, ಇವರದೇನು ನಡೀತದ?'

ಸಂಪಾದಕರ ಉತ್ತರ:

ಶರಣು. ಮತ ಹಾಕುವುದು ಸರಕಾರಗಳೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವು ಮತ ಹಾಕುವ ಕಾಗದ ಎಷ್ಟೋ ಸಲ ಪಗಾರವಿಲ್ಲದವರ ಕೈಯಲ್ಲೇ ರೂಪುಗೊಂಡಿರುತ್ತದೆ. 1948ರಲ್ಲಿ ಹುಟ್ಟಿದ ಐಯುಸಿಎನ್ ಎಂಬ ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ ಪರಿಸರ ಕಾನೂನು ಆಯೋಗದಲ್ಲಿ ವಕೀಲರು, ನ್ಯಾಯಾಧೀಶರು, ಪ್ರಾಧ್ಯಾಪಕರು ಸ್ವಯಂಸೇವಕರಾಗಿ ದುಡಿಯುತ್ತಾರೆ. ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಬೇಕೆಂದು ಒಕ್ಕೂಟ 1963ರಲ್ಲಿ ನೈರೋಬಿಯಲ್ಲಿ ಗೊತ್ತುವಳಿ ಮಾಡಿತು. ಕರಡು ತಿದ್ದಿ ತಿದ್ದಿ ಹತ್ತು ವರ್ಷ ಹಿಡಿಯಿತು. 1973ರಲ್ಲಿ ವಾಷಿಂಗ್ಟನ್ನಿನಲ್ಲಿ 80 ದೇಶಗಳು ಒಪ್ಪಿದ ಸೈಟಿಸ್ ಒಪ್ಪಂದ ಅದೇ. 1976ರಲ್ಲಿ ಭಾರತವೂ ಸೇರಿತು.

ಆ ಒಪ್ಪಂದದ ಪಟ್ಟಿ ಬದಲಿಸಬೇಕಾದರೆ ಸಭೆಗೆ 150 ದಿನ ಮೊದಲೇ ಪ್ರಸ್ತಾವ ಮುಟ್ಟಬೇಕು, ಮೂರರಲ್ಲಿ ಎರಡು ಪಾಲು ಮತ ಬೀಳಬೇಕು. ನಕ್ಷತ್ರ ಆಮೆ 2019ರಲ್ಲಿ ಮೊದಲನೇ ಅನುಬಂಧಕ್ಕೆ, ಅಂದರೆ ಅತಿ ಬಿಗಿ ನಿರ್ಬಂಧದ ಪಟ್ಟಿಗೆ, ಏರಿದ್ದು ಹೀಗೆ. ಪ್ರಸ್ತಾವದೊಳಗೆ ಎಷ್ಟು ಉಳಿದಿವೆ, ಎಷ್ಟು ಹಿಡಿದು ಮಾರಲಾಗಿದೆ ಎಂಬ ಲೆಕ್ಕ ಇರಲೇಬೇಕು. ಲೆಕ್ಕ ಇಲ್ಲದಿದ್ದರೆ ಮರುಕವೊಂದೇ ಉಳಿಯುತ್ತದೆ, ಮರುಕಕ್ಕೆ ಮತ ಬೀಳುವುದಿಲ್ಲ.

ಈಗ ನಿಮ್ಮ ಕೆರೆಯ ಮಾತು. ನೀವು ಕಳಿಸುವ ಹಾಳೆ ಏಷ್ಯಾ ನೀರುಹಕ್ಕಿ ಗಣತಿಗೆ ಸೇರುತ್ತದೆ. 1987ರಿಂದ ಸ್ವಯಂಸೇವಕರೇ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಜೌಗುಭೂಮಿಗಳನ್ನು ಉಳಿಸುವ ಅಂತಾರಾಷ್ಟ್ರೀಯ ರಾಮ್ಸರ್ ಒಪ್ಪಂದದ ಪಟ್ಟಿಗೆ ಒಂದು ತಾಣ ಸೇರಲು ಇರುವ ಒಂದು ಮಾನದಂಡ 20,000 ನೀರುಹಕ್ಕಿ. ಇನ್ನೊಂದು, ಒಂದೇ ಜಾತಿಯ ಒಟ್ಟು ಸಂಖ್ಯೆಯಲ್ಲಿ 1%. ಎರಡರಲ್ಲೂ 'ನಿಯಮಿತವಾಗಿ' ಎಂಬ ಮಾತಿದೆ, ತೊಡಕಾಗುವುದು ಅಲ್ಲೇ. ಕನಿಷ್ಠ 3 ಹಂಗಾಮುಗಳ ಸರಿಯಾದ ಲೆಕ್ಕ ಇದ್ದು, ಮೂರರಲ್ಲಿ ಎರಡು ಪಾಲು ಹಂಗಾಮುಗಳಲ್ಲಿ ಅಷ್ಟು ಹಕ್ಕಿ ಇರಬೇಕು. ಇಲ್ಲವೇ ಕನಿಷ್ಠ 5 ವರ್ಷಗಳ ಗರಿಷ್ಠ ಎಣಿಕೆಗಳ ಸರಾಸರಿ ಅಷ್ಟು ಬರಬೇಕು. ಮಳೆ ಕಡಿಮೆಯಾದ ವರ್ಷ ಕೆರೆ ಬತ್ತಿದೆ ಎಂದು ಮನೆಯಲ್ಲಿ ಕೂಡಬೇಡಿ. ಹೋಗಿ ನೋಡಿ ಸೊನ್ನೆ ಬರೆಯಿರಿ. ಸೊನ್ನೆಯೂ ಲೆಕ್ಕವೇ, ಖಾಲಿ ಬಿಟ್ಟ ಸಾಲು ಲೆಕ್ಕವಲ್ಲ.

ನಮ್ಮ 2017ರ ಜೌಗುಭೂಮಿ ನಿಯಮಗಳು ನೀರಾವರಿಗೆಂದೇ ಕಟ್ಟಿದ ಕೆರೆಯನ್ನು ಜೌಗುಭೂಮಿಯ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ಬಯಲುಸೀಮೆಗೆ ಇದು ದೊಡ್ಡ ಅನ್ಯಾಯ ಎಂಬುದು ನಮ್ಮ ಖಚಿತ ಅಭಿಪ್ರಾಯ. ನಮ್ಮಲ್ಲಿ ನೀರುಹಕ್ಕಿಗೆ ಕೆರೆ ಬಿಟ್ಟರೆ ಬೇರೆ ನೆಲೆ ಎಲ್ಲಿದೆ? ರಾಮ್ಸರ್ ಒಪ್ಪಂದ ಮಾತ್ರ ಮನುಷ್ಯ ಕಟ್ಟಿದ ಕೆರೆಯನ್ನೂ ಒಪ್ಪುತ್ತದೆ. ಗದಗ ಜಿಲ್ಲೆಯ ಮಾಗಡಿ ಕೆರೆಯೂ ಕಟ್ಟಿದ ಕೆರೆಯೇ. ಅಲ್ಲಿಗೂ ಪಟ್ಟೆತಲೆ ಹೆಬ್ಬಾತು ಬರುತ್ತದೆ, 2024ರಲ್ಲಿ ಅದು ರಾಮ್ಸರ್ ಪಟ್ಟಿ ಸೇರಿತು. ಹಾಗೆ ಸೇರಿದ ತಾಣಕ್ಕೆ ನಮ್ಮ ನಿಯಮಗಳೂ ಅನ್ವಯಿಸುತ್ತವೆ.

ಆದ್ದರಿಂದ ಹಾಳೆ ಗಟ್ಟಿಯಾಗಿರಲಿ. ಒಬ್ಬರು ದುರ್ಬೀನಿನಲ್ಲಿ ನೋಡಿ ಹೇಳಲಿ, ಇನ್ನೊಬ್ಬರು ಬರೆಯಲಿ. ದೊಡ್ಡ ಹಿಂಡಿನಲ್ಲಿ ಮೊದಲು 10 ಹಕ್ಕಿ ಎಣಿಸಿ ಆ ಗುಂಪಿನ ಅಳತೆ ಕಣ್ಣಿಗೆ ಕೂರಿಸಿಕೊಂಡು ಮುಂದೆ ಸಾಗಿ. ಗುರುತು ಸಿಗದ ಬಾತನ್ನು 'ಗುರುತಿಸಲಾಗದ ಬಾತು' ಎಂದೇ ಬರೆಯಿರಿ, ಊಹೆಯ ಹೆಸರು ಬೇಡ. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು, ದಂಡೆಯ ಯಾವ ಭಾಗ ನೋಡಿದಿರಿ ಎಂಬುದನ್ನು ಮರೆಯದೆ ದಾಖಲಿಸಿ. ಹೆಬ್ಬಾತುಗಳು ಹೊಲಕ್ಕೆ ಮೇಯಲು ಹೋದಾಗ ಎಣಿಸಿದರೆ ಕೆರೆ ಬರಿದಾಗಿಯೇ ಕಾಣುತ್ತದೆ. ಪ್ರತಿ ವರ್ಷ ಅದೇ ಹೊತ್ತಿಗೆ ಹೋಗಿ. ಕಳಿಸಿದ ಹಾಳೆಯ ನಕಲು ಒಂದು ನಿಮ್ಮಲ್ಲೂ ಇರಲಿ.