60 ಸೆಂ.ಮೀ. ಟೇಬಲ್‌ಗೆ 32 ಇಂಚಿನ ಮಾನಿಟರ್ ಬೇಡ, 27 ಸಾಕು

ನಮಸ್ಕಾರ. ನಿಮ್ಮ ಟೇಬಲ್ 120 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ, ಹಿಂದೆ ಗೋಡೆ. ದಿನಕ್ಕೆ ಏಳೆಂಟು ಗಂಟೆ ಎಕ್ಸೆಲ್ ಮತ್ತು ಬರವಣಿಗೆ, ರಜೆ ದಿನ ಸ್ವಲ್ಪ ಫೋಟೊ ಎಡಿಟಿಂಗ್. 24, 27, 32ರಲ್ಲಿ ಯಾವುದು ಅಂತ ಕೇಳಿದ್ದೀರಿ. ಮನಸ್ಸು 32ರ ಕಡೆಗೇ ಇದೆ ಅಂತಲೂ ಬರೆದಿದ್ದೀರಿ. ನಿಮ್ಮ ಪ್ರಶ್ನೆಗೆ ಉತ್ತರ ಕೊಟ್ಟ ಒಬ್ಬರು "ಟೇಬಲ್ ಅಷ್ಟು ಉದ್ದ ಇದೆಯಲ್ಲ, ದೊಡ್ಡದನ್ನೇ ತಗೊಳ್ಳಿ" ಅಂದಿದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಉದ್ದ ನೋಡಿದರೆ ಮಾನಿಟರ್ ಹಿಡಿಸುತ್ತದೋ ಇಲ್ಲವೋ ಅಷ್ಟೇ ಗೊತ್ತಾಗುತ್ತದೆ. ಕಣ್ಣಿಗೂ ಕತ್ತಿಗೂ ಹಿತವೋ ಅನ್ನುವುದು ಟೇಬಲ್ಲಿನ ಅಗಲದ ಮೇಲೆ ನಿಂತಿದೆ.

ಮೊದಲು ಟೇಪು ತಗೊಳ್ಳಿ. ಕುರ್ಚಿಯಲ್ಲಿ ದಿನಾ ಹೇಗೆ ಕೂರುತ್ತೀರೋ ಹಾಗೇ ಕೂತುಕೊಳ್ಳಿ. ಫೋಟೊ ತೆಗೆಸಿಕೊಳ್ಳುವವರ ಹಾಗೆ ನೆಟ್ಟಗೆ ಕೂತರೆ ಅಳತೆ ತಪ್ಪುತ್ತದೆ. ಕಣ್ಣಿನಿಂದ ಪರದೆ ಬರುವ ಜಾಗಕ್ಕೆ ಎಷ್ಟು ದೂರ ಅಂತ ಮನೆಯವರ ಕೈಲಿ ಅಳೆಸಿ. ಒಂದು ವಿಷಯ ನೆನಪಿರಲಿ, ಪರದೆ ಗೋಡೆಗೆ ಅಂಟಿಕೊಂಡು ನಿಲ್ಲುವುದಿಲ್ಲ. ಜೊತೆಗೆ ಬರುವ ಸ್ಟ್ಯಾಂಡಿನ ಪಾದವೇ ಸುಮಾರು 20 ಸೆಂ.ಮೀ. ಇರುತ್ತದೆ, ಕೆಲವದರಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಪರದೆ ಗೋಡೆಯಿಂದ 15 ಸೆಂ.ಮೀ. ಮುಂದೆ ಬಂದುಬಿಡುತ್ತದೆ. ಟೇಬಲ್ಲಿನ ಅಂಚಿಗೆ ಉಳಿದದ್ದು 45. ನಿಮ್ಮ ಕಣ್ಣು ಅಂಚಿಗಿಂತ 10-15 ಹಿಂದೆ ಇದ್ದರೆ ಒಟ್ಟು 55ರಿಂದ 60. ನಿಮಗೆ ಸಿಗುವುದು ಇಷ್ಟೇ.

ಈಗ ಪರದೆಯ ಅಳತೆ. ಇಂಚು ಅಂತ ಹೇಳುವುದು ಮೂಲೆಯಿಂದ ಮೂಲೆಗೆ. ಮಾಮೂಲಿ 16:9 ಪರದೆಯಲ್ಲಿ (ಅಡ್ಡ 16 ಪಾಲು, ಎತ್ತರ 9 ಪಾಲು) 24 ಇಂಚು ಅಂದರೆ ಅಡ್ಡ 53, ಎತ್ತರ 30 ಸೆಂ.ಮೀ. 27 ಅಂದರೆ 60 ಮತ್ತು 34. 32 ಅಂದರೆ 71 ಮತ್ತು 40. 27ಕ್ಕೂ 32ಕ್ಕೂ ಬರೀ ಐದು ಇಂಚು ವ್ಯತ್ಯಾಸ ಅಲ್ವಾ ಅನ್ನಿಸುತ್ತದೆ. ಆದರೆ ಪರದೆಯ ಒಟ್ಟು ಜಾಗ ಶೇ. 40ರಷ್ಟು ಜಾಸ್ತಿ ಆಗುತ್ತದೆ.

ನಾನು 32 ಇಂಚನ್ನು ನಿಮ್ಮಂಥದ್ದೇ 60ರ ಟೇಬಲ್ಲಿನ ಮೇಲೆ ನಾಲ್ಕು ತಿಂಗಳು ಇಟ್ಟುಕೊಂಡಿದ್ದೆ. ಎಕ್ಸೆಲ್ ಶೀಟಿನ ಎಡ ತುದಿಯಲ್ಲಿ ಹೆಸರು, ಬಲ ತುದಿಯಲ್ಲಿ ಮೊತ್ತ. ಒಂದೊಂದು ಸಾಲಿಗೂ ಕತ್ತು ಅತ್ತ ಇತ್ತ ಹೋಗುತ್ತಿತ್ತು. ಮಧ್ಯದಲ್ಲಿ ಸಾಲೇ ತಪ್ಪಿ, ಕೆಳಗಿನ ಮೊತ್ತವನ್ನು ಮೇಲಿನ ಹೆಸರಿಗೆ ಓದಿದ್ದೂ ಉಂಟು. ಮೂರನೇ ವಾರಕ್ಕೆ ಸಂಜೆ ಹೊತ್ತಿಗೆ ಕತ್ತಿನ ಬಲಗಡೆ ಹಿಡಿದುಕೊಳ್ಳಲು ಶುರುವಾಯಿತು. ಆಮೇಲೆ ಗಮನಿಸಿದರೆ, ನನಗೇ ಗೊತ್ತಿಲ್ಲದ ಹಾಗೆ ವಿಂಡೋಗಳನ್ನೆಲ್ಲ ಚಿಕ್ಕದು ಮಾಡಿ ನಡುವಿಗೆ ಎಳೆದುಕೊಂಡಿದ್ದೆ. ಎಡಬಲದ ಎರಡು ಪಟ್ಟಿ ಸುಮ್ನೆ ಖಾಲಿ. ಅದೇ ಮಾನಿಟರನ್ನು 80 ಸೆಂ.ಮೀ. ಅಗಲದ ಟೇಬಲ್ಲಿಗೆ ಸಾಗಿಸಿದ ಮೇಲೆ ಆರಾಮಾಯಿತು. ಈಗಲೂ ಅದರಲ್ಲೇ ಕೆಲಸ ಮಾಡುತ್ತಿದ್ದೇನೆ. ಮಾನಿಟರ್ ಕೆಟ್ಟದಾಗಿರಲಿಲ್ಲ, ಹತ್ತಿರ ಇತ್ತು.

ಎತ್ತರವನ್ನೂ ಜನ ಮರೆಯುತ್ತಾರೆ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಒಂಚೂರು ಕೆಳಗೆ ಇರಬೇಕು. 32ರ ಪರದೆಯೇ 40 ಸೆಂ.ಮೀ. ಎತ್ತರ, ಕೆಳಗೆ ಸ್ಟ್ಯಾಂಡಿನ 10 ಸೇರಿದರೆ ಮೇಲಂಚು ಟೇಬಲ್ಲಿನಿಂದ 50ಕ್ಕೆ ಹೋಗುತ್ತದೆ. ಕೂತಾಗ ಬಹಳ ಜನರ ಕಣ್ಣು ಅದಕ್ಕಿಂತ ಕೆಳಗೇ ಇರುತ್ತದೆ. ಮೇಲಿನ ಮೆನು ನೋಡಲು ಗಲ್ಲ ಎತ್ತಬೇಕಾಗುತ್ತದೆ. ದೂರಕ್ಕೂ ಓದುವುದಕ್ಕೂ ಒಂದೇ ಕನ್ನಡಕ ಹಾಕುವವರಿಗಂತೂ ಇದು ದೊಡ್ಡ ಹಿಂಸೆ, ಯಾಕಂದ್ರೆ ಓದುವ ಭಾಗ ಗಾಜಿನ ಕೆಳಗಡೆ ಇರುತ್ತದೆ. ನೀವು ಕನ್ನಡಕ ಹಾಕುತ್ತೀರೋ ಇಲ್ಲವೋ ಬರೆದಿಲ್ಲ. ಹಾಕುತ್ತೀರಾದರೆ ಎತ್ತರ ಇಳಿಸಲು ಬರುವ ಸ್ಟ್ಯಾಂಡ್ ಇರುವುದನ್ನೇ ನೋಡಿ.

ದುಡ್ಡು ಕೊಡುವ ಮೊದಲು ಒಂದು ಕೆಲಸ ಮಾಡಿ. ಹಳೇ ರಟ್ಟಿನ ಡಬ್ಬ ಬಿಚ್ಚಿ, 60×34 ಒಂದು, 71×40 ಒಂದು ತುಂಡು ಕತ್ತರಿಸಿ. ಪರದೆ ಬರುವ ಜಾಗದಲ್ಲೇ ಪುಸ್ತಕಗಳ ಆಸರೆ ಕೊಟ್ಟು ನಿಲ್ಲಿಸಿ. ನಾಲ್ಕು ಮೂಲೆಗೂ ಚಿಕ್ಕ ಅಕ್ಷರದ ಪೇಪರ್ ತುಂಡು ಅಂಟಿಸಿ ಓದಿ. ಕತ್ತು ತಿರುಗಿಸದೆ, ಬರೀ ಕಣ್ಣು ಹೊರಳಿಸಿ ಓದಲು ಆದರೆ ಆ ಸೈಜ್ ನಿಮಗೆ ಸರಿ. ಅಂಗಡಿಯಲ್ಲಿ ನಿಂತು ನೋಡಿ ತೀರ್ಮಾನ ಮಾಡಬೇಡಿ. ಅಲ್ಲಿ ನಾವು ದೂರದಿಂದ ನೋಡುತ್ತೇವೆ, ಎಲ್ಲವೂ ಚಿಕ್ಕದಾಗಿಯೇ ಕಾಣುತ್ತದೆ.

ಸೈಜ್ ಆದ ಮೇಲೆ ರೆಸಲ್ಯೂಷನ್, ಅಂದರೆ ಪರದೆಯ ಅಡ್ಡಕ್ಕೂ ಎತ್ತರಕ್ಕೂ ಎಷ್ಟೆಷ್ಟು ಪಿಕ್ಸೆಲ್ (ಚುಕ್ಕೆ) ಇವೆ ಅನ್ನುವುದು. 27 ಇಂಚಿನಲ್ಲಿ 1920×1080 ತಗೊಳ್ಳಲೇಬೇಡಿ. ಒಂದು ಇಂಚಿಗೆ 82 ಪಿಕ್ಸೆಲ್ ಮಾತ್ರ ಬರುತ್ತದೆ. ಇಷ್ಟು ಹತ್ತಿರದಿಂದ ಕನ್ನಡ ಅಕ್ಷರದ ಒತ್ತು, ಕೊಂಬು ಎಲ್ಲ ಒರಟಾಗಿ ಕಾಣುತ್ತವೆ. 2560×1440 ಆದರೆ 109 ಬರುತ್ತದೆ, ಎಕ್ಸೆಲ್‌ನಲ್ಲಿ ಸಾಲುಗಳೂ ಜಾಸ್ತಿ ಹಿಡಿಸುತ್ತವೆ. 4ಕೆ (3840×2160) ಆದರೆ 163. ಆದರೆ ಅದರಲ್ಲಿ ಅಕ್ಷರ ತೀರಾ ಸಣ್ಣ ಆಗುವುದರಿಂದ ಶೇ. 150 ಸ್ಕೇಲಿಂಗ್ (ಎಲ್ಲವನ್ನೂ ಒಂದೂವರೆ ಪಟ್ಟು ದೊಡ್ಡದಾಗಿ ತೋರಿಸುವ ಸೆಟ್ಟಿಂಗ್) ಹಾಕಬೇಕಾಗುತ್ತದೆ. ಹಾಗೆ ಹಾಕಿದರೆ ಕೆಲಸಕ್ಕೆ ಸಿಗುವ ಜಾಗ 2560×1440ರಷ್ಟೇ, ಅಕ್ಷರ ಮಾತ್ರ ಚೂಪಾಗಿರುತ್ತದೆ. ಬರವಣಿಗೆ ಜಾಸ್ತಿ ಇರುವುದರಿಂದ ಕೈಗೆಟುಕಿದರೆ 4ಕೆ ಒಳ್ಳೆಯದೇ. ಲ್ಯಾಪ್‌ಟಾಪ್ ಹಳೆಯದಾದರೆ ಮಾನಿಟರ್ ಕೇಬಲ್ ಸಿಕ್ಕಿಸುವ ಪೋರ್ಟ್ ಮೊದಲು ನೋಡಿ. ಎಚ್‌ಡಿಎಂಐ 1.4 ಆಗಿದ್ದರೆ 4ಕೆ ಬರೀ 30 ಹರ್ಟ್ಜ್‌ನಲ್ಲಿ ಓಡುತ್ತದೆ (ಸೆಕೆಂಡಿಗೆ 30 ಸಲ ಮಾತ್ರ ಚಿತ್ರ ಬದಲಾಗುತ್ತದೆ), ಮೌಸ್ ತಡವರಿಸಿದ ಹಾಗೆ ಆಗುತ್ತದೆ.

ಫೋಟೊಗೆ ಐಪಿಎಸ್ ಪ್ಯಾನೆಲ್ (ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಬದಲಾಗದ ಬಗೆಯ ಪರದೆ) ಇರಲಿ, ಎಸ್‌ಆರ್‌ಜಿಬಿ (ಫೋಟೊ, ಇಂಟರ್ನೆಟ್‌ಗೆ ಸಾಮಾನ್ಯವಾಗಿ ಬಳಸುವ ಬಣ್ಣಗಳ ಗುಂಪು) ಬಣ್ಣ ಪೂರ್ತಿ ತೋರಿಸುವಂಥದ್ದು. 34 ಇಂಚಿನ ಅಲ್ಟ್ರಾವೈಡ್ ನಿಮಗೆ ಬೇಡ, ಅಡ್ಡ 80 ಸೆಂ.ಮೀ. ಇರುತ್ತದೆ, ಎತ್ತರ ಮಾತ್ರ 27 ಇಂಚಿನ ಪರದೆಯಷ್ಟೇ.

32 ಬೇಕೇ ಬೇಕು ಅಂದರೆ ಆರ್ಮ್ (ಟೇಬಲ್ಲಿಗೆ ಬಿಗಿದು ಮಾನಿಟರನ್ನು ಎತ್ತಿ ಹಿಡಿಯುವ, ಮಡಚುವ ತೋಳು) ಹಾಕಬಹುದು. ಸ್ಟ್ಯಾಂಡಿನ ಪಾದ ಹೋದರೆ ಪರದೆ ಸುಮಾರು 10 ಸೆಂ.ಮೀ. ಹಿಂದೆ ಸರಿಯುತ್ತದೆ. ಆದರೆ ನಿಮ್ಮ ಹಿಂದೆ ಗೋಡೆ ಇದೆ. ಪರದೆ ಹಿಂದೆ ತಳ್ಳಿದಾಗ ಆರ್ಮಿನ ಮೊಣಕೈ ಗೋಡೆಗೆ ತಾಗುತ್ತದೆ, ಕೊನೆಗೆ ಟೇಬಲನ್ನೇ ಮುಂದೆ ಎಳೆಯಬೇಕಾಗುತ್ತದೆ. ಮಡಚಿದಾಗ ಪಕ್ಕಕ್ಕೆ ಹೋಗುವ ಆರ್ಮ್ ಆದರೆ ಪರವಾಗಿಲ್ಲ. ಮಾನಿಟರಿನ ಹಿಂದೆ ಆರ್ಮ್ ಬಿಗಿಯಲು 100×100 ಮಿ.ಮೀ. ತೂತುಗಳಿವೆಯೇ, ಆರ್ಮ್ ಅದರ ತೂಕ ತಡೆಯುತ್ತದೆಯೇ ಎರಡೂ ನೋಡಿಕೊಳ್ಳಿ.

ನಿಮ್ಮ ಜಾಗದಲ್ಲಿ ನಾನಿದ್ದರೆ 27 ಇಂಚು, 2560×1440, ಎತ್ತರ ಹೊಂದಿಸುವ ಸ್ಟ್ಯಾಂಡ್ ಇರುವುದನ್ನು ತಗೊಳ್ಳುತ್ತಿದ್ದೆ. ರಟ್ಟು ನಿಲ್ಲಿಸಿ ಅಳೆದ ಮೇಲೆ ಕಣ್ಣಿನಿಂದ ಎಷ್ಟು ದೂರ ಬಂತು ಅಂತ ಇಲ್ಲೇ ಬರೆಯಿರಿ. 50ಕ್ಕಿಂತ ಕಡಿಮೆ ಬಂದರೆ 24ರ ಬಗ್ಗೆ ಮಾತಾಡೋಣ.