ಸಂಪಾದಕರ ಉತ್ತರ: ಒದೆ ತಿನ್ನುವ ಪತ್ತೇದಾರ

ತೀರ್ಥಹಳ್ಳಿಯಿಂದ ನೀವು ಬರೆದ ನಾಲ್ಕು ಪುಟದ ಪತ್ರ ತಲುಪಿತು. ಓಸ್ಲೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ‘ವರ್ಗ್ ವೇಯುಮ್’ ಎಂಬ ನಾರ್ವೆಯ ಪತ್ತೇದಾರಿ ಸರಣಿಯ ಮೂರು ಚಿತ್ರಗಳನ್ನು ನೋಡಿದಿರಿ. ಮಗಳಿಗೆ ಬಹಳ ಇಷ್ಟವಾಯಿತು, ಅಳಿಯನಿಗೆ ನಿದ್ದೆ ಬಂತು, ನಿಮಗೆ ಸಿಟ್ಟು ಬಂತು. “ಇವನೊಬ್ಬ ಪತ್ತೇದಾರನೇ? ಪ್ರತಿ ಸಲ ಒದೆ ತಿನ್ನುತ್ತಾನೆ, ಪೊಲೀಸರಿಂದ ಬೈಸಿಕೊಳ್ಳುತ್ತಾನೆ. ಕೊಲೆಗಾರ ಸಿಕ್ಕಿದ ಮೇಲೂ ಯಾರಿಗೂ ಸಮಾಧಾನವಿಲ್ಲ. ಮೇಲಿಂದ ಬರೀ ಮಳೆ” ಎಂದಿದ್ದೀರಿ. ಕೊನೆಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದ್ದೀರಿ. ಅದಕ್ಕೆ ಆಮೇಲೆ ಬರುತ್ತೇನೆ. ಈ ಉತ್ತರ ಬರೆಯುತ್ತಿರುವುದೇ ಆ ಪ್ರಶ್ನೆಗಾಗಿ.

ಮೊದಲು ಮಳೆ. ಈ ಕಥೆಗಳು ನಡೆಯುವ ಬರ್ಗೆನ್, ನಾರ್ವೆಯಲ್ಲಿ ಏಳು ಬೆಟ್ಟಗಳ ನಡುವಿನ ಬಂದರು. ವರ್ಷಕ್ಕೆ 200ಕ್ಕೂ ಹೆಚ್ಚು ದಿನ ಅಲ್ಲಿ ಮಳೆ. ಆಗುಂಬೆಯ ಪಕ್ಕದಲ್ಲಿರುವ ನಿಮಗೆ ಆ ಮಳೆಯ ಅಳತೆ ದೊಡ್ಡದಲ್ಲ, ನಮ್ಮಲ್ಲಿ ಅದರ ಮೂರು ಪಟ್ಟು ಸುರಿಯುತ್ತದೆ. ಆದರೆ ನಮ್ಮ ಮಳೆಗಾಲ ಮುಗಿಯುತ್ತದೆ, ಅಲ್ವಾ? 2006ರ ಅಕ್ಟೋಬರ್ ಕೊನೆಯಿಂದ 2007ರ ಜನವರಿವರೆಗೆ ಬರ್ಗೆನ್‌ನಲ್ಲಿ 85 ದಿನ ಬಿಡದೆ ಮಳೆ ಬಂತು. ಈ ಸರಣಿಯ ಮೊದಲ ಚಿತ್ರ ತೆರೆಗೆ ಬಂದದ್ದೂ 2007ರಲ್ಲೇ. ಹಾಗಾಗಿ ಆ ಬೂದು ಬಣ್ಣವನ್ನು ಸುಮ್ನೆ ಮೆತ್ತಿದ್ದು ಅಂತ ನನಗೆ ಅನಿಸುವುದಿಲ್ಲ. ಆ ಊರು ಇರುವುದೇ ಹಾಗೆ.

ಒದೆಯ ವಿಷಯದಲ್ಲಿ ನಿಮ್ಮ ಮಾತು ಅರ್ಧ ಒಪ್ಪುತ್ತೇನೆ. ಹೆಣ್ಣುಮಕ್ಕಳ ಮೇಲಿನ ಹಿಂಸೆ ಕೆಲವು ಚಿತ್ರಗಳಲ್ಲಿ ಜಾಸ್ತಿಯೇ ಆಯಿತು. ಕಥೆಗೆ ಅಷ್ಟು ಬೇಕಿರಲಿಲ್ಲ. ಆದರೆ ನಾಯಕ ವೇಯುಮ್ ಒದೆ ತಿನ್ನುವುದಕ್ಕೆ ಕಾರಣವಿದೆ. ಅವನ ಹತ್ತಿರ ಬಂದೂಕಿಲ್ಲ, ಅಧಿಕಾರವಿಲ್ಲ, ಹಿಂದೆ ಯಾರೂ ಇಲ್ಲ. ನಾರ್ವೆಯಲ್ಲಿ ಜನ ಸರ್ಕಾರವನ್ನು ನಂಬುತ್ತಾರೆ. ತೊಂದರೆ ಬಂದರೆ ಪೊಲೀಸರಿದ್ದಾರೆ, ಇಲಾಖೆಗಳಿವೆ. ಅಂಥ ಕಡೆ ಖಾಸಗಿ ಪತ್ತೇದಾರನ ಬಾಗಿಲು ತಟ್ಟುವವರು ಯಾರು? ಇಲಾಖೆಗೆ ಹೋಗಲು ಹೆದರುವವರು, ಹೋಗಿ ಬರಿಗೈಯಲ್ಲಿ ವಾಪಸ್ ಬಂದವರು. ಇನ್‌ಸ್ಪೆಕ್ಟರ್ ಹಾಮ್ರೆಗೆ ಅವನನ್ನು ಕಂಡರೆ ಆಗದಿರುವುದು ಅದಕ್ಕೇ. ವೇಯುಮ್ ಬಂದ ಅಂದರೆ ತಮ್ಮ ಕಡೆ ಎಲ್ಲೋ ಏನೋ ಬಿಟ್ಟುಹೋಗಿದೆ ಅಂತಲೇ ಅರ್ಥ. ಹಾಮ್ರೆಯ ಪಾತ್ರದಲ್ಲಿ ಬಿಯೋರ್ನ್ ಫ್ಲೋಬರ್ಗ್ ಮುಖ ಗಂಟಿಕ್ಕಿಕೊಂಡೇ ನಿಧಾನವಾಗಿ ಮೆತ್ತಗಾಗುವುದನ್ನು ಇನ್ನೊಮ್ಮೆ ಗಮನಿಸಿ. ವೇಯುಮ್‌ನ ಹೆಸರಲ್ಲೂ ಈ ಹೊರಗಿನವನೇ ಇದ್ದಾನೆ. ಹಳೆಯ ನಾರ್ಸ್ ಭಾಷೆಯಲ್ಲಿ ‘ವರ್ಗ್ ಇ ವೇಯುಮ್’ ಅಂದರೆ ಪವಿತ್ರ ಜಾಗಕ್ಕೆ ನುಗ್ಗಿದ ತೋಳ. ಊರಿನಿಂದ ಹೊರಹಾಕಿಸಿಕೊಂಡವನಿಗೆ ಹೇಳುತ್ತಿದ್ದ ಮಾತು.

ಬರ್ಗೆನ್‌ನವರೇ ಆದ ಗುನ್ನಾರ್ ಸ್ಟೋಲೆಸೆನ್ ಈ ಪಾತ್ರವನ್ನು 1977ರಲ್ಲಿ ಕಾದಂಬರಿಗೆ ತಂದರು. 2007ರಿಂದ 2012ರವರೆಗೆ 12 ಚಿತ್ರಗಳು ಬಂದವು, ಎಲ್ಲದರಲ್ಲೂ ಟ್ರೋಂಡ್ ಎಸ್ಪೆನ್ ಸೈಮ್ ನಾಯಕ. ಹಳೆಯ ಕಥೆಗಳನ್ನು ಮೊಬೈಲ್ ಕಾಲಕ್ಕೆ ತಂದಾಗ ಎಪ್ಪತ್ತರ ದಶಕದ ಬರ್ಗೆನ್ ಕಳೆದುಹೋಯಿತು. ಅದು ನನಗೆ ಬೇಸರ.

ಈಗ ನಿಮ್ಮ ಪ್ರಶ್ನೆ. ವೇಯುಮ್ ಮೊದಲು ಮಕ್ಕಳ ರಕ್ಷಣಾ ಇಲಾಖೆಯಲ್ಲಿದ್ದವನು. 2011ರಲ್ಲಿ ನಾರ್ವೆಯ ಸ್ಟಾವಂಗರ್‌ನಲ್ಲಿ ಭಾರತೀಯ ದಂಪತಿಯ ಇಬ್ಬರು ಪುಟ್ಟ ಮಕ್ಕಳನ್ನು ಕರೆದುಕೊಂಡು ಹೋದದ್ದು ಅದೇ ಇಲಾಖೆ. ಮರುವರ್ಷ ಮಕ್ಕಳು ಚಿಕ್ಕಪ್ಪನ ಜೊತೆ ಭಾರತಕ್ಕೆ ಬಂದರು. “ಆ ಇಲಾಖೆಯವನನ್ನು ನಾಯಕ ಅಂತ ಒಪ್ಪಲು ನನ್ನಿಂದಾಗದು” ಎಂದು ಬರೆದಿದ್ದೀರಿ. ಆ ಸುದ್ದಿ ಓದುವಾಗ ನನಗೂ ಹೊಟ್ಟೆಯಲ್ಲಿ ಸಂಕಟವಾಗಿತ್ತು.

ಆದರೆ ಸ್ಟೋಲೆಸೆನ್ ಆ ಇಲಾಖೆಯ ಪರ ವಾದ ಮಾಡುವುದಿಲ್ಲ. ನೀವು ನೋಡದೆ ಬಿಟ್ಟ ಒಂದು ಚಿತ್ರವಿದೆ, ‘ಡೋಡೆನ್ಸ್ ದ್ರಾಬಾಂತೆರ್’, 2011ರದ್ದು. ಇಲಾಖೆಯಲ್ಲಿದ್ದಾಗ ವೇಯುಮ್ ಒಬ್ಬ ಮಗುವನ್ನು ನೋಡಿಕೊಂಡಿರುತ್ತಾನೆ. ಆ ಮಗು ಬೇರೆಯವರ ಮನೆಯಲ್ಲಿ ಬೆಳೆಯುತ್ತದೆ. ಬೆಳೆದ ಮೇಲೆ ಆ ಹುಡುಗನ ಮೇಲೆ ಕೊಲೆಯ ಆರೋಪ ಬರುತ್ತದೆ. ಇಲಾಖೆಯ ಲೆಕ್ಕದಲ್ಲಿ ಆ ಫೈಲು ಯಾವತ್ತೋ ಮುಚ್ಚಿತ್ತು. ವೇಯುಮ್‌ಗೆ ಅದನ್ನು ಮುಚ್ಚಲು ಆಗಲಿಲ್ಲ. ಅವನು ಅಲ್ಲಿ ಹುಡುಕುವುದು ಕೊಲೆಗಾರನನ್ನು ಮಾತ್ರ ಅಲ್ಲ. ಆ ಮಗುವಿಗೆ ನಾವೆಲ್ಲ ಸೇರಿ ಏನು ಮಾಡಿದೆವು ಅಂತ ಹುಡುಕುತ್ತಾನೆ. ಅದಕ್ಕೇ ಕೇಸು ಮುಗಿದರೂ ಸಮಾಧಾನ ಸಿಗುವುದಿಲ್ಲ. ಸಿಕ್ಕಿದ್ದರೆ ನಾನು ಆ ಕಥೆಯನ್ನು ನಂಬುತ್ತಿರಲಿಲ್ಲ.

ಸ್ಟೋಲೆಸೆನ್ ಅವರ ಒಂದು ಹಳೆಯ ವೇಯುಮ್ ಕಾದಂಬರಿ ಶುರುವಾಗುವುದು ಒಬ್ಬ ಪುಟ್ಟ ಹುಡುಗ ಆಫೀಸಿಗೆ ಬರುವುದರಿಂದ. ಕಳುವಾದ ತನ್ನ ಸೈಕಲ್ ಹುಡುಕಿಕೊಡಿ ಎನ್ನುತ್ತಾನೆ. ಬೇರೆ ಪತ್ತೇದಾರನಾದರೆ ನಕ್ಕು ಕಳಿಸುತ್ತಿದ್ದ. ವೇಯುಮ್ ಎದ್ದು ಹೊರಡುತ್ತಾನೆ. ನಾನು ಅವನನ್ನು ನಾಯಕ ಅಂತ ಒಪ್ಪಿದ್ದು ಅಲ್ಲಿ.

ದಯವಿಟ್ಟು ಆ ಒಂದು ಚಿತ್ರ ನೋಡಿ ಮತ್ತೆ ಬರೆಯಿರಿ. ಆಗಲೂ ಸಿಟ್ಟಿದ್ದರೆ ಪತ್ರವನ್ನು ಪೂರ್ತಿ ಅಚ್ಚು ಹಾಕುತ್ತೇವೆ. ಮತ್ತೆ ಮಗಳ ಮನೆಗೆ ಹೋದಾಗ ರೈಲು ಹತ್ತಿ ಬರ್ಗೆನ್‌ಗೂ ಹೋಗಿ ಬನ್ನಿ. ಸ್ಟ್ರಾಂಡ್‌ಕಾಯೆನ್ ಎಂಬ ಬಂದರಿನ ಬೀದಿಯಲ್ಲಿ, ಕಥೆಯಲ್ಲಿ ಅವನ ಆಫೀಸು ಇರುವ ಕಡೆಯೇ, ವೇಯುಮ್‌ನ ಆಳೆತ್ತರದ ಪ್ರತಿಮೆ ಗೋಡೆಗೆ ಒರಗಿ ನಿಂತಿದೆ. ಛತ್ರಿ ತೆಗೆದುಕೊಂಡು ಹೋಗಿ.